ಬೇರ್ಡ್‌ನ ಕಾಲಡಿಯ ಸರಳಿನ ಕಿಂಡಿ: ಡೇವಿಡ್ ವಿಲ್ಕಿಯ ಶ್ರೀರಂಗಪಟ್ಟಣ ಚಿತ್ರದ ಕುರಿತು

ಬಣ್ಣದ ಬೆರಗು:

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಚಿತ್ರದ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸ್ಕಾಟ್ಲೆಂಡಿನ ಚಿತ್ರಕಾರ ಸರ್ ಡೇವಿಡ್ ವಿಲ್ಕಿ ಬರೆದು, 1839ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕಿಟ್ಟ ದೊಡ್ಡ ತೈಲಚಿತ್ರವದು. ಅದರ ಹೆಸರೂ ಉದ್ದವಾದದ್ದು. ಕನ್ನಡದಲ್ಲಿ ಹೇಳುವುದಾದರೆ, ‘1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಸುಲ್ತಾನ್ ಟಿಪ್ಪು ಸಾಹೇಬನ ಶವವನ್ನು ಪತ್ತೆಹಚ್ಚುತ್ತಿರುವ ಜನರಲ್ ಸರ್ ಡೇವಿಡ್ ಬೇರ್ಡ್’. ನಾನು ಇದನ್ನು ಮೊದಲು ಕಂಡದ್ದು ಕಪ್ಪು ಬಿಳುಪಿನ ಅಚ್ಚುಪ್ರತಿಯಲ್ಲಿ. ವರ್ಣದಲ್ಲಿ ನೋಡಿದ್ದು ಎಷ್ಟೋ ವರ್ಷಗಳ ನಂತರ.

ಚಿತ್ರದ ಮೇಲ್ಭಾಗದಲ್ಲಿ ಕೋಟೆ ಬಾಗಿಲಿನ ಕಮಾನಿನ ಕೆಳಗೆ, ಕೆಂಪು ಕೋಟು ತೊಟ್ಟ ಬೇರ್ಡ್ ಕತ್ತಿ ಹಿಡಿದು ನಿಂತಿದ್ದಾನೆ. ಸುತ್ತ ಅವನ ಕಡೆಯ ಅಧಿಕಾರಿಗಳು ಮತ್ತು ಸೈನಿಕರಿದ್ದಾರೆ. ರಾತ್ರಿಯ ಹೊತ್ತಾದ್ದರಿಂದ ಇರುವುದೆಲ್ಲ ಪಂಜು ಮತ್ತು ಲಾಂದ್ರದ ಬೆಳಕು. ಕೆಳಗೆ ಮೈಸೂರಿನ ಕೆಲವರು ಟಿಪ್ಪುವಿನ ದೇಹದ ಸುತ್ತ ಬಾಗಿದ್ದಾರೆ. ಪುಸ್ತಕಗಳಲ್ಲಿ ಇದನ್ನು ಬ್ರಿಟಿಷರ ವಿಜಯವನ್ನು ಕೊಂಡಾಡುವ, ರಮ್ಯ ಪಂಥದ ಇತಿಹಾಸ ಚಿತ್ರವೆಂದು ವಿವರಿಸಲಾಗಿದೆ. ಆದರೆ ವಿಜಯದ ಚಿತ್ರವೆಂದರೆ ಬಾವುಟ, ಕುದುರೆ, ಜಯಘೋಷ ಇರಬೇಕಲ್ಲವೇ? ಇಲ್ಲಿ ಅವು ಯಾವುವೂ ನನ್ನ ಕಣ್ಣಿಗೆ ಬೀಳುತ್ತಿಲ್ಲ. ಅದೂ ಅಲ್ಲದೆ, ಕೋಟೆ ಬಿದ್ದು 40 ವರ್ಷಗಳಾದ ಮೇಲೆ ಈ ಚಿತ್ರ ಯಾರಿಗೆ ಬೇಕಾಗಿತ್ತು? ಬಲ್ಲವರು ದಯವಿಟ್ಟು ತಿಳಿಸಬೇಕು. ಟಿಪ್ಪುವಿನ ಆಳ್ವಿಕೆಯ ಸರಿತಪ್ಪುಗಳ ವಾದ ನಡೆಸಲು ಬೇರೆ ಜಾಗಗಳಿವೆ. ಇಲ್ಲಿ ಚಿತ್ರದ ಬಗ್ಗೆಯೇ ಮಾತನಾಡೋಣವೆಂದು ವಿನಂತಿ.

ಹಳೆಯ ಕಡತ:

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದರ ಅರ್ಧ ಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಈ ಚಿತ್ರವನ್ನು ಬರೆಸಿದ್ದು ಸರ್ಕಾರವಲ್ಲ, ಈಸ್ಟ್ ಇಂಡಿಯಾ ಕಂಪನಿಯೂ ಅಲ್ಲ. ಬರೆಸಿದವರು ಬೇರ್ಡ್‌ನ ವಿಧವೆ ಲೇಡಿ ಬೇರ್ಡ್. ಬೇರ್ಡ್ 1829ರಲ್ಲಿ ತೀರಿಕೊಂಡ. ಅಲ್ಲಿಂದ ಮುಂದೆ ಆಕೆ ಗಂಡನ ಹೆಸರು ಮಾಸಿಹೋಗದಂತೆ ಒಂದಾದ ಮೇಲೊಂದು ಕೆಲಸ ಹಿಡಿದರು. 1832ರಲ್ಲಿ ಅವನ ಜೀವನಚರಿತ್ರೆ ಎರಡು ಸಂಪುಟಗಳಲ್ಲಿ ಹೊರಬಂತು. ಪರ್ತ್‌ಷೈರ್‌ನ ಕ್ರೀಫ್ ಊರಿನ ಹತ್ತಿರದ ಗುಡ್ಡದ ಮೇಲೆ ಅವನ ನೆನಪಿಗೆ ಒಂದು ಕಲ್ಲಿನ ಸ್ತಂಭ ಎದ್ದಿತು. ಅದೇ ಸಾಲಿನಲ್ಲಿ ಬಂದದ್ದು ಈ ಚಿತ್ರ.

ಇಷ್ಟು ಪಟ್ಟುಹಿಡಿದು ಮಾಡಬೇಕಾಗಿ ಬಂದದ್ದು ಏಕೆಂದರೆ, ಬೇರ್ಡ್‌ಗೆ ಶ್ರೀರಂಗಪಟ್ಟಣದ ವಿಷಯದಲ್ಲಿ ಕೊನೆಯವರೆಗೂ ಆರದ ಒಂದು ನೋವಿತ್ತು. ಅದನ್ನು ತಿಳಿಯಲು 1780ಕ್ಕೆ ಹೋಗಬೇಕು. ಆ ವರ್ಷದ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಳವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ನಿರ್ನಾಮ ಮಾಡಿದರು. ಆಗ 22-23ರ ವಯಸ್ಸಿನ ಕ್ಯಾಪ್ಟನ್ ಆಗಿದ್ದ ಬೇರ್ಡ್ ತಲೆಗೆ ಕತ್ತಿಯೇಟು, ತೊಡೆಗೆ ಗುಂಡು, ತೋಳಿಗೆ ಈಟಿಯ ತಿವಿತ ತಿಂದು ಸೆರೆ ಸಿಕ್ಕ. ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮಿಗಿಲಾಗಿ ಸರಪಳಿಯಲ್ಲಿದ್ದು, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಹೊರಬಂದ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿಯಿಂದ ಬಿಗಿದಿದ್ದಾರೆ ಎಂಬ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿಯ ಜೊತೆಗೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು ಎಂದರಂತೆ. ಮಗನ ಮುಂಗೋಪವನ್ನು ಅಷ್ಟು ಚೆನ್ನಾಗಿ ಬಲ್ಲ ತಾಯಿಯ ಈ ಮಾತನ್ನು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಹೇಳುತ್ತಾರೆ.

ಹದಿನೈದು ವರ್ಷಗಳ ತರುವಾಯ, 1799ರ ಮೇ 4ರಂದು, ಕೋಟೆಗೆ ನುಗ್ಗುವ ದಳದ ನಾಯಕತ್ವವನ್ನು ಬೇರ್ಡ್ ತಾನಾಗಿ ಕೇಳಿ ಪಡೆದ. ಮಧ್ಯಾಹ್ನದ ಬಿಸಿಲಿನಲ್ಲಿ, ಬೇಸಿಗೆಯಿಂದ ಇಳಿದಿದ್ದ ಕಾವೇರಿಯನ್ನು ದಾಟಿ, ಕೋಟೆಗೋಡೆಯ ಬಿರುಕಿನ ಮೂಲಕ ಒಳಹೊಕ್ಕ. ಆ ರಾತ್ರಿ ಪಂಜು ಹಿಡಿಸಿಕೊಂಡು ಟಿಪ್ಪುವಿನ ಶವವನ್ನು ಹುಡುಕಿಸಿದವನೂ ಅವನೇ. ಆದರೆ ಮರುದಿನ ಬೆಳಗ್ಗೆ, ಅವನು ಇನ್ನೂ ಉಪಾಹಾರ ಮಾಡುತ್ತಿದ್ದಾಗಲೇ, ಕಾದಿಟ್ಟ ದಳದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಜ್ಞಾಪತ್ರ ಹಿಡಿದು ಬಂದು, ಪಟ್ಟಣದ ಅಧಿಕಾರ ಇನ್ನು ತನ್ನದೆಂದು ತಿಳಿಸಿದ. ವೆಲ್ಲೆಸ್ಲಿ ಪದವಿಯಲ್ಲಿ ಕಿರಿಯ. ಅವನ ಅಣ್ಣ ಗವರ್ನರ್ ಜನರಲ್. ‘ನನ್ನ ಹಣೆಯ ಬೆವರು ಆರುವ ಮೊದಲೇ ನನಗಿಂತ ಕಿರಿಯ ಅಧಿಕಾರಿ ನನ್ನ ಸ್ಥಾನಕ್ಕೆ ಬಂದ’ ಎಂದು ಬೇರ್ಡ್ ಆಮೇಲೆ ಹೇಳಿದ.

ಆ ಕಿರಿಯ ಅಧಿಕಾರಿಯೇ ಮುಂದೆ ವಾಟರ್‌ಲೂ ಗೆದ್ದು ವೆಲಿಂಗ್ಟನ್ ಡ್ಯೂಕ್ ಆದ, ಬ್ರಿಟನ್ನಿನ ಪ್ರಧಾನಿಯೂ ಆದ. 1839ರಲ್ಲಿ ಲಂಡನ್ನಿನ ಜನರಿಗೆ ಶ್ರೀರಂಗಪಟ್ಟಣವೆಂದರೆ ವೆಲಿಂಗ್ಟನ್ನನ ಮೊದಲ ಮೆಟ್ಟಿಲು. ಆ ಹೊತ್ತಿನಲ್ಲಿ ಬೇರ್ಡ್‌ನ ವಿಧವೆ ಹನ್ನೊಂದು ಅಡಿಗೂ ಎತ್ತರದ ಚಿತ್ರವನ್ನು ಗೋಡೆಗೇರಿಸಿ, ಆ ದಿನ ಯಾರದಾಗಿತ್ತು ಎಂಬುದನ್ನು ಎಲ್ಲರಿಗೂ ಮತ್ತೆ ಹೇಳಿದರು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಈ ಚಿತ್ರದ ಎದುರಾಳಿ ಟಿಪ್ಪು ಅಲ್ಲ, ವೆಲ್ಲೆಸ್ಲಿ.

ಕುಂಚ:

‘ಹಳೆಯ ಕಡತ’ ಅವರ ವಿವರಣೆಗೆ ಧನ್ಯವಾದಗಳು. ನಾನು ಚಿತ್ರಕಲೆ ಕಲಿಸುವವಳು. ಆದ್ದರಿಂದ ಚಿತ್ರದೊಳಗೆ ಏನಿದೆ ಎಂಬಲ್ಲಿಂದ ಆರಂಭಿಸುತ್ತೇನೆ.

ಯುದ್ಧದ ಚಿತ್ರಗಳು ಸಾಮಾನ್ಯವಾಗಿ ಅಡ್ಡಡ್ಡ ಹರಡಿಕೊಂಡಿರುತ್ತವೆ, ಏಕೆಂದರೆ ಸೈನ್ಯಕ್ಕೆ ಬಯಲು ಬೇಕು. ವಿಲ್ಕಿ ಇಲ್ಲಿ ಕ್ಯಾನ್ವಾಸನ್ನು ನಿಲ್ಲಿಸಿಬಿಟ್ಟಿದ್ದಾನೆ. ಅಗಲ ಸುಮಾರು ಒಂಬತ್ತು ಅಡಿ, ಎತ್ತರ ಅದಕ್ಕಿಂತ ಹೆಚ್ಚು. ಯುರೋಪಿನ ಇಗರ್ಜಿಗಳ ಪೀಠದ ಹಿಂದೆ ಇಡುವ ಚಿತ್ರಗಳಿಗೆ ಈ ಆಕಾರವಿರುತ್ತದೆ. ಮೇಲೆ ನಿಂತವನು, ಕೆಳಗೆ ಮಲಗಿದವನು, ನಡುವೆ ಮೆಟ್ಟಿಲು ಮತ್ತು ಬೆಳಕು. ಶಿಲುಬೆಯಿಂದ ಇಳಿಸಿದ ಕ್ರಿಸ್ತನ ದೇಹವನ್ನು ಆಪ್ತರು ಹಿಡಿದುಕೊಂಡಿರುವ ಚಿತ್ರಗಳನ್ನು ಕಂಡವರಿಗೆ, ಟಿಪ್ಪುವಿನ ಸುತ್ತ ಬಾಗಿರುವವರ ಗುಂಪು ಎಲ್ಲಿಂದ ಬಂತೆಂದು ತಕ್ಷಣ ಹೊಳೆಯುತ್ತದೆ. ಬ್ರಿಟಿಷ್ ಇತಿಹಾಸ ಚಿತ್ರದಲ್ಲಿ ಈ ಹಾದಿಯನ್ನು 1770ರಲ್ಲೇ ಬೆಂಜಮಿನ್ ವೆಸ್ಟ್ ತೆರೆದಿದ್ದ. ಅವನು ಬರೆದ ಜನರಲ್ ವುಲ್ಫ್‌ನ ಮರಣದ ಚಿತ್ರದಲ್ಲಿ ಇದೇ ಶೋಕದ ಗುಂಪಿದೆ. ಆದರೆ ಅಲ್ಲಿ ಸಾಯುತ್ತಿರುವವನು ಗೆದ್ದ ಪಕ್ಷದ ಸೇನಾನಿ. ವಿಲ್ಕಿ ಅದೇ ಭಂಗಿಯ ಗೌರವವನ್ನು ಸೋತ ಅರಸನಿಗೆ ಕೊಟ್ಟಿದ್ದಾನೆ. ಇದನ್ನು ಸಣ್ಣ ಸಂಗತಿಯೆಂದು ನಾನು ಎಣಿಸುವುದಿಲ್ಲ.

ಇನ್ನು ಬೆಳಕು. ವಿಲ್ಕಿ ರೆಂಬ್ರಾಂಟ್‌ನನ್ನು ಆಳವಾಗಿ ಮೆಚ್ಚಿಕೊಂಡವನು. 1827-28ರಲ್ಲಿ ಸ್ಪೇನಿನಲ್ಲಿದ್ದಾಗ ಅಲ್ಲಿನ ಹಳೆಯ ಗುರುಗಳ ಕೃತಿಗಳನ್ನು ನೋಡಿಬಂದ ಮೇಲೆ ಅವನ ಕೈಬರಹವೇ ಬದಲಾಯಿತು: ಸಣ್ಣ ಸಣ್ಣ ವಿವರಗಳ ಜಾಗದಲ್ಲಿ ಅಗಲವಾದ ಕುಂಚದ ಎಳೆತ, ದಟ್ಟವಾದ ಕಂದು ನೆರಳು ಬಂದವು. ಈ ಚಿತ್ರದಲ್ಲಿ ಕತ್ತಲೆಗೇ ಹೆಚ್ಚು ಜಾಗ. ನನ್ನ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳುತ್ತಿರುತ್ತೇನೆ. ಆ ಕಾಲದ ಚಿತ್ರಕಾರರು ನೆರಳಿಗೆ ಆಳ ಬರಲೆಂದು ಬಿಟುಮೆನ್, ಅಂದರೆ ಡಾಂಬರಿನ ಜಾತಿಯ ಕಂದು ದ್ರವ್ಯವನ್ನು ಬಳಸುತ್ತಿದ್ದರು. ಅದು ಪೂರ್ತಿ ಒಣಗುವುದೇ ಇಲ್ಲ, ವರ್ಷಗಳುರುಳಿದಂತೆ ಮೇಲಿನ ಬಣ್ಣ ಬಿರಿದು ಮೊಸಳೆಯ ಚರ್ಮದಂತಾಗುತ್ತದೆ. ವಿಲ್ಕಿಯ ಕೊನೆಗಾಲದ ಹಲವು ಕೃತಿಗಳಿಗೆ ಈ ಹಾನಿ ತಟ್ಟಿದೆ.

ಒಂದು ಮಾತು ಬಾಕಿ ಉಳಿಯಿತು. ಬೇರ್ಡ್‌ನ ಕಾಲ ಬಳಿ ನೋಡಿ. ಅವನ ಬೂಟಿನ ಕೆಳಗೆ, ಗೋಡೆಯಲ್ಲಿ, ಕಬ್ಬಿಣದ ಸರಳುಗಳ ಒಂದು ಕಿಂಡಿ ಇದೆ. ಮೊದಲ ನೋಟಕ್ಕೆ ಕೋಟೆಯ ಯಾವುದೋ ಗವಾಕ್ಷಿಯೆಂದು ದಾಟಿಹೋಗುತ್ತೇವೆ. ಅದು ಸೆರೆಮನೆಯ ಕಿಂಡಿ. ಬೇರ್ಡ್ ಸರಪಳಿಯಲ್ಲಿ ಕಳೆದ ವರ್ಷಗಳನ್ನು ಸೂಚಿಸಲೆಂದೇ ವಿಲ್ಕಿ ಅದನ್ನು ಅಲ್ಲಿ ಬರೆದ. ಚಿತ್ರದಲ್ಲಿ ಬಾವುಟ ಏಕಿಲ್ಲವೆಂದು ಕೇಳಿದಿರಲ್ಲ, ಬಾವುಟದ ಕೆಲಸವನ್ನು ಈ ಸರಳುಗಳು ಮಾಡುತ್ತಿವೆ.

ಬಣ್ಣದ ಬೆರಗು:

ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆ ಕಿಂಡಿಯನ್ನು ಮಾತ್ರ ಗಮನಿಸಿಯೇ ಇರಲಿಲ್ಲ. ಈಗ ಮತ್ತೆ ತೆಗೆದು ನೋಡಿದೆ. ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಂದ ಕದಲುವುದೇ ಇಲ್ಲ.

‘ಕುಂಚ’ ಮೇಡಂ, ಒಂದು ಸಂದೇಹ. ನೀವು ಹೇಳಿದ ಗೌರವ ನಿಜವಾದ ಗೌರವವೇ? ಸೋತವನನ್ನು ಭವ್ಯವಾಗಿ ಬರೆದಷ್ಟೂ ಗೆದ್ದವನ ಕೀರ್ತಿ ಹೆಚ್ಚುತ್ತದೆ. ನಮ್ಮ ಕಾವ್ಯಗಳಲ್ಲೂ ಪ್ರತಿನಾಯಕನನ್ನು ಎತ್ತರಿಸಿ ವರ್ಣಿಸುವುದು ನಾಯಕನನ್ನು ಇನ್ನೂ ಎತ್ತರಕ್ಕೆ ಒಯ್ಯುವುದಕ್ಕಾಗಿಯೇ ಅಲ್ಲವೇ?

ಕೋಟೆ ಬಾಗಿಲು:

ನಾನು ಶ್ರೀರಂಗಪಟ್ಟಣದವನು. ಚಿತ್ರಕಲೆಯ ಪರಿಭಾಷೆ ನನಗೆ ಬಾರದು, ಆದರೆ ಆ ಜಾಗ ಗೊತ್ತು.

ಟಿಪ್ಪು ಬಿದ್ದದ್ದು ಕೋಟೆಯ ಉತ್ತರದ ಕಡೆ, ನದಿಗೆ ಇಳಿಯುವ ಬಾಗಿಲಿನ ಹತ್ತಿರ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಅದರ ಹೆಸರು ಏನೇನೋ ಆಗಿ ಸೊಟ್ಟಗಾಗಿದೆ. ಅದು ನಮ್ಮ ‘ಹೊಳೆ ದಿಡ್ಡಿ’ ಎಂಬ ಕನ್ನಡ ಮಾತು. ಹೊಳೆಯ ಕಡೆಗೆ ತೆರೆಯುವ ದಿಡ್ಡಿ ಬಾಗಿಲು ಎಂದರ್ಥ. ಈಗ ಶವ ಸಿಕ್ಕಿದ ಜಾಗವೆಂದು ಒಂದು ಕಲ್ಲನ್ನು ನೆಟ್ಟು ಸುತ್ತ ಬೇಲಿ ಹಾಕಿದ್ದಾರೆ. ಪ್ರವಾಸಿಗರ ಗಾಡಿಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕರ್ನಲ್ ಬೈಲಿಯ ಹೆಸರಿನ ಬಂದೀಖಾನೆಯೂ ಕೋಟೆಯ ಅದೇ ದಿಕ್ಕಿನಲ್ಲಿ, ನಡೆದೇ ಹೋಗಬಹುದಾದ ದೂರದಲ್ಲಿದೆ. ಬೆಳ್ಳಗೆ ಗಾರೆ ಬಳಿದ ಕಮಾನುಗಳ ತಗ್ಗಾದ ಕಟ್ಟಡ. ಗೋಡೆಯ ಉದ್ದಕ್ಕೂ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಅವುಗಳಲ್ಲಿ ಸರಪಳಿ ತೂರಿಸುವ ತೂತುಗಳಿವೆ. ಆದರೆ ಬಾಗಿಲು ಮತ್ತು ಬಂದೀಖಾನೆ ಎರಡೂ ಒಂದರ ಮೇಲೊಂದು ಇಲ್ಲ. ವಿಲ್ಕಿ ಭಾರತಕ್ಕೆ ಬಂದವನಲ್ಲ. ಎರಡು ಜಾಗಗಳನ್ನು ಒಂದೇ ಗೋಡೆಗೆ ತಂದು ಕೂಡಿಸಿ, ಬೇರ್ಡ್‌ನನ್ನು ಅವನ ಸೆರೆಮನೆಯ ನೆತ್ತಿಯ ಮೇಲೆ ನಿಲ್ಲಿಸಿದ್ದಾನೆ.

ಶವ ಸಿಕ್ಕಿದ ರಾತ್ರಿಯ ವಿವರಗಳನ್ನು ಆಗ ಅಲ್ಲಿದ್ದ ಮೇಜರ್ ಅಲನ್ ಬರೆದಿಟ್ಟಿದ್ದಾನೆ. ಬಾಗಿಲಿನ ಒಳಗೆ ಹೆಣಗಳ ರಾಶಿ. ಮುಖ ಗುರುತು ಹಿಡಿಯಲಾರದಷ್ಟು ಕತ್ತಲೆ. ಗಾಯಗೊಂಡು ಅಲ್ಲೇ ಬಿದ್ದಿದ್ದ ರಾಜಾ ಖಾನ್ ಎಂಬ ಆಪ್ತ ಸೇವಕ ಜಾಗವನ್ನು ತೋರಿಸಿದ. ಅರಮನೆಯ ಕಿಲ್ಲೇದಾರ ದೇಹವನ್ನು ಗುರುತಿಸಿದ. ಬಿಳಿಯ ನಯವಾದ ಬಟ್ಟೆಯ ಅಂಗಿ, ಹೂವಿನ ಚೀಟಿ ಬಟ್ಟೆಯ ಸಡಿಲ ಷರಾಯಿ, ಸೊಂಟಕ್ಕೆ ಕೆಂಪು ವಸ್ತ್ರ, ಹೆಗಲಿನಿಂದ ಇಳಿಬಿದ್ದ ಕೆಂಪು ಹಸಿರು ರೇಷ್ಮೆಯ ಪಟ್ಟಿ, ತೋಳಿನಲ್ಲಿ ತಾಯತ. ತಲೆಯ ರುಮಾಲು ಗದ್ದಲದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಮೈಮೇಲೆ ಮೂರು ಗಾಯ, ಕಣತಲೆಯಲ್ಲಿ ಒಂದು. ಕಣ್ಣು ತೆರೆದೇ ಇತ್ತು, ಮೈ ಬಿಸಿಯಾಗಿಯೇ ಇತ್ತು. ಹಾಗಾಗಿ ತನಗೂ ಕರ್ನಲ್ ವೆಲ್ಲೆಸ್ಲಿಗೂ ಜೀವವಿದೆಯೇನೋ ಎಂಬ ಅನುಮಾನ ಕ್ಷಣಕಾಲ ಬಂತು, ನಾಡಿ ಮತ್ತು ಎದೆ ಮುಟ್ಟಿ ನೋಡಿದ ಮೇಲಷ್ಟೇ ಅದು ತೀರಿತು ಎಂದು ಅಲನ್ ಹೇಳುತ್ತಾನೆ.

ವೆಲ್ಲೆಸ್ಲಿ ಆ ರಾತ್ರಿ ಅಲ್ಲೇ ಇದ್ದ ಎಂಬುದನ್ನು ನೆನಪಿಡಿ. ಚಿತ್ರದ ಹೆಸರಿನಲ್ಲಿ ಅವನಿಲ್ಲ. ‘ಹಳೆಯ ಕಡತ’ ಅವರ ಮಾತು ಸರಿಯೆಂದು ನನಗೂ ತೋರುತ್ತದೆ.

ದೂರದ ದನಿ:

ನಾನು ಕೆಲಸದ ನಿಮಿತ್ತ ಎಡಿನ್‌ಬರೋದಲ್ಲಿ ನೆಲೆಸಿರುವ ಮಂಡ್ಯ ಜಿಲ್ಲೆಯವಳು. ಈ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹಕ್ಕೆ ಸೇರಿದ್ದು. ಅದರೆದುರು ನಿಂತ ಅನುಭವವನ್ನು ಹೇಳಿಕೊಳ್ಳಬೇಕೆನಿಸಿತು.

ಪುಸ್ತಕದ ಪುಟದಲ್ಲಿ ನೋಡುವಾಗ ಬೇರ್ಡ್‌ನ ಮುಖ ಮೊದಲು ಕಾಣುತ್ತದೆ. ಚಿತ್ರದೆದುರು ಹಾಗಾಗುವುದಿಲ್ಲ. ಅದು ಆಳೆತ್ತರದ ಎರಡರಷ್ಟು ಇರುವುದರಿಂದ, ನನ್ನಂಥ ಸಾಧಾರಣ ಎತ್ತರದವರ ಕಣ್ಣು ನೇರವಾಗಿ ಹೋಗುವುದು ಕೆಳಗಿನ ಗುಂಪಿಗೆ, ಟಿಪ್ಪುವಿನ ಮೇಲೆ ಬಿದ್ದ ಬೆಳಕಿಗೆ. ಬೇರ್ಡ್‌ನನ್ನು ನೋಡಬೇಕಾದರೆ ತಲೆಯೆತ್ತಬೇಕು. ಅವನ ಸೈನಿಕರಿಗಿಂತ ನಾವು ಆ ಮೈಸೂರಿನವರ ಮಟ್ಟದಲ್ಲಿ ನಿಂತಿರುತ್ತೇವೆ. ನಮ್ಮೂರಿನಿಂದ ಹತ್ತಾರು ಮೈಲಿ ದೂರದಲ್ಲಿ ನಡೆದ ಒಂದು ಸಾವನ್ನು ಇಷ್ಟು ದೂರದ ಚಳಿ ನಾಡಿನಲ್ಲಿ ಕಂಡಾಗ ನನಗೆ ಮಾತು ಹೊರಡಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಈ ಜಾಗ ಎಲ್ಲಿದೆಯೆಂದು ತಮ್ಮ ಜೊತೆಯವರನ್ನು ಕೇಳುತ್ತಿದ್ದರು. ನಾನೇ ಹೇಳಿದೆ: ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿನ ದ್ವೀಪ, ರಂಗನಾಥಸ್ವಾಮಿಯ ಗುಡಿಯ ಊರು, ನನ್ನ ತಾಯಿಯ ತವರಿಗೆ ಹೋಗುವಾಗ ದಾಟುವ ಊರು.

‘ಬಣ್ಣದ ಬೆರಗು’ ಅವರ ಸಂದೇಹಕ್ಕೆ ನನ್ನ ಉತ್ತರವಿಷ್ಟೇ. ಬರೆಸಿದವರ ಉದ್ದೇಶ ಬೇರ್ಡ್‌ನ ಕೀರ್ತಿಯೇ ಆಗಿದ್ದರೂ, ಬರೆದವನ ಕೈ ಆ ದೇಹದ ಮುಂದೆ ಮೃದುವಾಗಿದೆ.

ಹಳೆಯ ಕಡತ:

‘ದೂರದ ದನಿ’ ಅವರ ಅನುಭವವನ್ನು ಗೌರವದಿಂದಲೇ ಓದಿದೆ. ಆದರೂ ನಾನು ಇಲ್ಲಿ ಸ್ವಲ್ಪ ಬಿಗಿಯಾಗಿ ನಿಲ್ಲಬೇಕಾಗುತ್ತದೆ. ಶ್ರೀರಂಗಪಟ್ಟಣದ ಪತನ ಬ್ರಿಟನ್ನಿನಲ್ಲಿ ಹುಟ್ಟಿಸಿದ ಚಿತ್ರಗಳ ಸಾಲಿನಲ್ಲಿಟ್ಟು ನೋಡಿದರೆ ವಿಲ್ಕಿಯ ಮೃದುತ್ವಕ್ಕೆ ಬೇರೆ ಅರ್ಥ ಬರುತ್ತದೆ. ಸುದ್ದಿ ಮುಟ್ಟಿದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ 22-23ರ ತರುಣ ಲಂಡನ್ನಿನ ಲೈಸಿಯಂನಲ್ಲಿ ಕೋಟೆಯ ಮೇಲಿನ ದಾಳಿಯನ್ನು ಅರ್ಧವೃತ್ತಾಕಾರದ ಭಾರಿ ಪನೋರಮಾ ಚಿತ್ರವಾಗಿ ತೋರಿಸಿದ. ಅದು ನೂರಡಿಗೂ ಉದ್ದವಿತ್ತು, ಜನ ದುಡ್ಡು ಕೊಟ್ಟು ಮುಗಿಬಿದ್ದು ನೋಡಿದರು. ಮೂಲ ಚಿತ್ರ ಬೆಂಕಿಗೆ ಆಹುತಿಯಾಗಿ, ಈಗ ಅದರ ಅಚ್ಚುಪ್ರತಿಗಳಷ್ಟೇ ಉಳಿದಿವೆ. ಹೆನ್ರಿ ಸಿಂಗಲ್‌ಟನ್ ಟಿಪ್ಪುವಿನ ಕೊನೆಯ ಹೋರಾಟವನ್ನು ಬರೆದ. ಇನ್ನೂ ಹೆಸರು ಮಾಡುತ್ತಿದ್ದ ಟರ್ನರ್ ಕೂಡ ಈ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದಿದ್ದಾನೆ. ಇವರಲ್ಲಿ ಯಾರೂ ಶ್ರೀರಂಗಪಟ್ಟಣವನ್ನು ಕಂಡವರಲ್ಲ.

ಆ ಮೊದಲ ಚಿತ್ರಗಳಲ್ಲಿ ಟಿಪ್ಪು ಇನ್ನೂ ಭಯ ಹುಟ್ಟಿಸುವ ಶತ್ರು. 1839ರ ಹೊತ್ತಿಗೆ ಭಯ ತೀರಿತ್ತು; ಮೈಸೂರಿನ ಆಡಳಿತವೂ ಎಂಟು ವರ್ಷಗಳ ಹಿಂದೆ, 1831ರಲ್ಲಿ, ಬ್ರಿಟಿಷ್ ಕಮಿಷನರುಗಳ ಕೈಗೆ ಹೋಗಿತ್ತು. ಭಯ ತೀರಿದ ಮೇಲೆ ಶತ್ರುವಿನ ದೇಹಕ್ಕೆ ಕರುಣೆಯ ಬೆಳಕು ಹಾಯಿಸುವುದು ಕಷ್ಟವಲ್ಲ. ಚಿತ್ರಕಾರ ಒಳ್ಳೆಯವನಲ್ಲವೆಂದು ನಾನು ಹೇಳುತ್ತಿಲ್ಲ. ಅವನ ಕರುಣೆಗೆ ಜಾಗ ಮಾಡಿಕೊಟ್ಟದ್ದು ಪೂರ್ತಿಯಾದ ಗೆಲುವು ಎಂದಷ್ಟೇ ಹೇಳುತ್ತಿದ್ದೇನೆ.

ಕುಂಚ:

ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ವಿಲ್ಕಿಯ ಹಿಂದಿನ ಕೆಲಸವನ್ನು ಗಮನಿಸದೆ ಅವನ ಕರುಣೆಯನ್ನು ಕೇವಲ ಕಾಲದ ಲಕ್ಷಣವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಅವನು ಫೈಫ್ ಪ್ರಾಂತದ ಹಳ್ಳಿಯೊಂದರ ಪಾದ್ರಿಯ ಮಗ. ಇಪ್ಪತ್ತೊಂದರ ವಯಸ್ಸಿಗೆ ಹಳ್ಳಿಯ ಕುರುಡ ಪಿಟೀಲುಗಾರನನ್ನೂ ಹೆಂಡದಂಗಡಿಯಲ್ಲಿ ರಾಜಕೀಯ ಹರಟುವವರನ್ನೂ ಬರೆದು ಹೆಸರಾದವನು. 1822ರಲ್ಲಿ ಅವನ ಇನ್ನೊಂದು ವಿಜಯದ ಚಿತ್ರ ಪ್ರದರ್ಶನಕ್ಕೆ ಬಂತು. ಬರೆಸಿದವನು ಬೇರಾರೂ ಅಲ್ಲ, ಇದೇ ವೆಲಿಂಗ್ಟನ್ ಡ್ಯೂಕ್. ಕೊಟ್ಟ ಸಂಭಾವನೆ 1,200 ಗಿನಿ. ವಾಟರ್‌ಲೂ ಗೆಲುವಿನ ಚಿತ್ರವಾದರೂ ಅದರಲ್ಲಿ ರಣರಂಗವಿಲ್ಲ, ಡ್ಯೂಕನೂ ಇಲ್ಲ. ಲಂಡನ್ನಿನ ಚೆಲ್ಸೀ ಬೀದಿಯಲ್ಲಿ, ಹೆಂಡದಂಗಡಿಯ ಮುಂದೆ, ಒಬ್ಬ ಮುದಿ ಸೈನಿಕ ಪತ್ರಿಕೆಯಲ್ಲಿ ಬಂದ ಗೆಲುವಿನ ಸುದ್ದಿಯನ್ನು ಓದಿ ಹೇಳುತ್ತಿದ್ದಾನೆ. ಸುತ್ತ ನಿವೃತ್ತ ಸೈನಿಕರು, ಹೆಂಗಸರು, ಮಕ್ಕಳು. ನೋಡಲು ಬಂದವರ ನೂಕುನುಗ್ಗಲು ತಡೆಯಲು ರಾಯಲ್ ಅಕಾಡೆಮಿ ಚಿತ್ರದ ಮುಂದೆ ಕಂಬಿ ಹಾಕಿಸಬೇಕಾಯಿತು. ಗೆಲುವನ್ನು ಬರೆ ಎಂದರೆ, ಗೆಲುವು ಯಾರ ಮನೆಬಾಗಿಲಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಬರೆಯುವುದು ಅವನ ಸ್ವಭಾವ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಒಂದನ್ನು ವೆಲಿಂಗ್ಟನ್ ಬರೆಸಿದ, ಇನ್ನೊಂದನ್ನು ಅವನಿಂದ ನೊಂದವನ ವಿಧವೆ ಬರೆಸಿದರು. ಒಂದೇ ಕೈ ಇಬ್ಬರ ಮಾತನ್ನೂ ನಡೆಸಿಕೊಟ್ಟಿದೆ, ಇಬ್ಬರೂ ಕೇಳಿರದ ಒಂದೊಂದನ್ನು ಸೇರಿಸಿಯೂ ಕೊಟ್ಟಿದೆ.

ಟರ್ನರ್‌ನ ಹೆಸರು ಬಂದದ್ದರಿಂದ ಒಂದು ಸಂಗತಿ. 1841ರಲ್ಲಿ ಪೂರ್ವ ದೇಶಗಳ ಪ್ರವಾಸ ಮುಗಿಸಿ ಹಿಂದಿರುಗುತ್ತಿದ್ದ ವಿಲ್ಕಿ ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ತೀರಿಕೊಂಡ. ಶವವನ್ನು ಸಮುದ್ರಕ್ಕೆ ಇಳಿಸಿದರು. ಮರುವರ್ಷ ಆ ಸಮುದ್ರ ಸಂಸ್ಕಾರವನ್ನು ಚಿತ್ರಿಸಿದವನು ಟರ್ನರ್. ಅದರಲ್ಲಿ ಹಡಗಿನ ಹಾಯಿಗಳು ಕಡುಗಪ್ಪು, ನಡುವೆ ಶವ ಇಳಿಸುವ ಜಾಗದಲ್ಲಿ ಮಾತ್ರ ಪಂಜಿನ ಬೆಳಕು. ಬೇರ್ಡ್ ಚಿತ್ರದ ಕತ್ತಲೆ ಮತ್ತು ಪಂಜು ಮೂರೇ ವರ್ಷಗಳಲ್ಲಿ ಅದನ್ನು ಬರೆದವನ ಶವದ ಸುತ್ತ ಬಂದು ನಿಂತಂತೆ ನನಗೆ ಪ್ರತಿ ಸಲವೂ ಅನಿಸುತ್ತದೆ.

ಕೋಟೆ ಬಾಗಿಲು:

ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ನಮ್ಮ ದರಿಯಾ ದೌಲತ್‌ನ ಪಶ್ಚಿಮದ ಗೋಡೆಗೆ ಹೋಯಿತು. ವಿಜಯವನ್ನು ಕೊಂಡಾಡುವ ಚಿತ್ರ ಅಲ್ಲೂ ಇದೆಯಲ್ಲ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಹೊರಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧವಿದೆ. ಅದಕ್ಕೆ ರಮ್ಯ ಪಂಥದ ನೆರಳು ಬೆಳಕು ಗೊತ್ತಿಲ್ಲ, ಎಲ್ಲವೂ ಹಾಡುಹಗಲು. ಕುದುರೆಗಳು ಸಾಲು ಸಾಲಾಗಿ, ಒಂದರ ಮೇಲೊಂದು ಪಂಕ್ತಿಯಾಗಿ ನುಗ್ಗುತ್ತವೆ. ಟಿಪ್ಪು ಕುದುರೆಯ ಮೇಲೆ ಕೂತು ಹೂವೊಂದನ್ನು ಮೂಸುತ್ತಿದ್ದಾನೆ, ಗದ್ದಲ ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ. ಇನ್ನೊಂದೆಡೆ ಬ್ರಿಟಿಷರು ಕೆಂಪು ಕೋಟು ತೊಟ್ಟು ಚೌಕವಾಗಿ ನಿಂತಿದ್ದಾರೆ, ಅವರ ಮದ್ದಿನ ಬಂಡಿ ಸಿಡಿಯುತ್ತಿದೆ. ಚೌಕದ ನಡುವೆ ಪಲ್ಲಕ್ಕಿ, ಪಲ್ಲಕ್ಕಿಯೊಳಗೆ ಗಾಯಗೊಂಡ ಬೈಲಿ. ಬಾಯಿಗೆ ಬೆರಳಿಟ್ಟು ಕಚ್ಚಿಕೊಂಡಿದ್ದಾನೆ. ಅಷ್ಟು ದೊಡ್ಡ ಗೋಡೆಯಲ್ಲಿ ಹೆದರಿಕೆಯನ್ನು ಹೇಳಲು ಆ ಚಿತ್ರಗಾರ ಆರಿಸಿಕೊಂಡದ್ದು ಅದೊಂದು ಬೆರಳನ್ನು.

‘ಹಳೆಯ ಕಡತ’ ಅವರು ಮೊದಲಿಗೆ ಬರೆದದ್ದನ್ನು ಈಗ ಇದಕ್ಕೆ ಸೇರಿಸಿ ನೋಡಿ. ಆ ಕೆಂಪು ಕೋಟಿನ ಚೌಕದೊಳಗೆ ಬೇರ್ಡ್ ಇದ್ದ. ಗೋಡೆಯ ಮೇಲೆ ಅವನಿಗೆ ಬೇರೆಯ ಮುಖವಿಲ್ಲ, ಎಲ್ಲರ ಮುಖವೂ ಒಂದೇ ಅಚ್ಚು. ಆದರೆ ಆ ದಿನ, ಆ ಸುತ್ತುವರಿಕೆಯ ನಡುವೆ, ತಲೆಗೆ ಏಟು ತಿಂದು ಬಿದ್ದವನು ಅವನೇ. ಹಾಗಿದ್ದ ಮೇಲೆ ಒಬ್ಬನೇ ಮನುಷ್ಯ ಎರಡು ವಿಜಯ ಚಿತ್ರಗಳಲ್ಲಿದ್ದಾನೆ: ಶ್ರೀರಂಗಪಟ್ಟಣದ ಗೋಡೆಯಲ್ಲಿ ಹೆಸರಿಲ್ಲದ ಸೋತವನಾಗಿ, ಎಡಿನ್‌ಬರೋದ ಕ್ಯಾನ್ವಾಸಿನಲ್ಲಿ ಕತ್ತಿ ಹಿಡಿದ ಗೆದ್ದವನಾಗಿ.

ಇನ್ನೂ ಒಂದು ವಿಷಯ. ಪೊಳ್ಳಿಲೂರಿನ ಆ ಚಿತ್ರವನ್ನು ಮುತ್ತಿಗೆಗೆ ಮೊದಲೇ ಅಳಿಸಿಹಾಕಲಾಗಿತ್ತು. ಕೋಟೆ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸಕ್ಕೆ ಬಂದವನು ವೆಲ್ಲೆಸ್ಲಿ, ಚಿತ್ರವನ್ನು ಮತ್ತೆ ಸರಿಪಡಿಸಿದವನೂ ಅವನೇ. ಆಮೇಲೆ ಪುನಃ ಸುಣ್ಣ ಬಿದ್ದು ಮಾಸಿಹೋದಾಗ, 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿ ಬಂದು ನೋಡಿ, ಹಳೆಯ ಚಿತ್ರ ನೆನಪಿದ್ದ ಇಲ್ಲಿನ ಚಿತ್ರಗಾರನ ಕೈಯಲ್ಲಿ ತಿರುಗಿ ಬರೆಸಿದ. ನಾವು ಇಂದು ನೋಡುವುದು ಆ ನೆನಪಿನ ಚಿತ್ರ.

ಹಳೆಯ ಕಡತ:

‘ಕೋಟೆ ಬಾಗಿಲು’ ಅವರೇ, ಇಷ್ಟು ವರ್ಷಗಳ ಓದಿನಲ್ಲಿ ಈ ಎರಡು ಎಳೆಗಳನ್ನು ನಾನು ಜೋಡಿಸಿ ನೋಡಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬೇರ್ಡ್‌ನಿಂದ ಪಟ್ಟಣದ ಅಧಿಕಾರ ಪಡೆದವನೇ ಬೇರ್ಡ್‌ನ ಸೋಲಿನ ಚಿತ್ರಕ್ಕೆ ಬಣ್ಣ ತುಂಬಿಸಿದ. ಲೇಡಿ ಬೇರ್ಡ್‌ಗೆ ಈ ವಿಷಯ ತಿಳಿದಿದ್ದರೆ ಏನನಿಸುತ್ತಿತ್ತೋ.

ನನ್ನ ಮೊದಲ ಮಾತನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಈ ಚಿತ್ರದ ಎದುರಾಳಿ ವೆಲ್ಲೆಸ್ಲಿ ಎಂದಿದ್ದೆ. ಬರೆಸಿದವರ ಮಟ್ಟಿಗೆ ಅದು ನಿಜವೇ. ಆದರೆ ಕಿಂಡಿಯ ಸರಳುಗಳು ವೆಲ್ಲೆಸ್ಲಿಯ ಕಡೆಗೆ ಬೆರಳು ತೋರುವುದಿಲ್ಲ. ಅವು 1780ರ ಆ ಬಯಲಿಗೆ, ಬೈಲಿಯ ಪಲ್ಲಕ್ಕಿಯ ಸುತ್ತಲಿನ ಚೌಕಕ್ಕೆ ತೋರುತ್ತವೆ. ದರಿಯಾ ದೌಲತ್‌ನ ಗೋಡೆಗೆ ವಿಲ್ಕಿ ತಿಳಿಯದೆಯೇ ಬರೆದ ಉತ್ತರ ಇದು.

ಸೇನೆಯವರು ಆ ಗೆಲುವಿಗಾಗಿ ಬೇರ್ಡ್‌ಗೆ ಟಿಪ್ಪುವಿನ ಶಯನಗೃಹದ ಕತ್ತಿಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು.

ಬಣ್ಣದ ಬೆರಗು:

ಒಂದು ಪ್ರಶ್ನೆ ಹಿಡಿದು ಬಂದವನಿಗೆ ನೀವೆಲ್ಲರೂ ಇಷ್ಟು ಕೊಟ್ಟಿದ್ದೀರಿ. ಪ್ರತಿನಾಯಕನ ಬಗ್ಗೆ ನಾನು ಎತ್ತಿದ ಸಂದೇಹ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಎತ್ತರದ ವಿಷಯದಲ್ಲಿ ‘ದೂರದ ದನಿ’ ಅವರು ಬರೆದದ್ದನ್ನು ಓದಿದ ಮೇಲೆ, ಅಚ್ಚುಪ್ರತಿಯನ್ನು ಮೇಜಿನ ಮೇಲಿಟ್ಟು ಈ ಚಿತ್ರದ ಬಗ್ಗೆ ತೀರ್ಪು ಕೊಡುವುದು ನನ್ನಿಂದಾಗದು. ಎಡಿನ್‌ಬರೋಗೆ ಹೋಗುವ ಅನುಕೂಲ ನನಗೆ ಸದ್ಯಕ್ಕಿಲ್ಲ. ಶ್ರೀರಂಗಪಟ್ಟಣಕ್ಕೆ ಬರಬಲ್ಲೆ. ‘ಕೋಟೆ ಬಾಗಿಲು’ ಅವರೇ, ಆ ಭಿತ್ತಿಚಿತ್ರವನ್ನು ಸರಿಯಾಗಿ ನೋಡಲು ಎಲ್ಲಿಂದ ಆರಂಭಿಸಬೇಕೆಂದು ಹೇಳುವಿರಾ?

ಕೋಟೆ ಬಾಗಿಲು:

ಖಂಡಿತ ಬನ್ನಿ, ನಾನೇ ಜೊತೆಗಿರುತ್ತೇನೆ. ದರಿಯಾ ದೌಲತ್‌ಗೆ ಮೊದಲು ಹೋಗುವುದು ಬೇಡ. ಬೆಳಗಿನ ಹೊತ್ತು ಬಂದೀಖಾನೆಯಿಂದ ಆರಂಭಿಸಿ, ಆ ಕಲ್ಲಿನ ತೂತುಗಳನ್ನು ಕೈಯಿಂದ ಮುಟ್ಟಿ ನೋಡಿ. ಅಲ್ಲಿಂದ ಹೊಳೆ ದಿಡ್ಡಿಗೆ, ಶವ ಸಿಕ್ಕಿದ ಕಲ್ಲಿನ ಹತ್ತಿರಕ್ಕೆ ನಡೆಯೋಣ. ಅರಮನೆಗೆ ಆಮೇಲೆ ಹೋಗೋಣ. ಗೋಡೆಯ ಮುಂದೆ ನಿಂತಾಗ ಹೂವು ಮೂಸುವ ಟಿಪ್ಪುವನ್ನು ಯಾರಾದರೂ ತೋರಿಸುತ್ತಾರೆ, ಅದಕ್ಕೆ ನನ್ನ ಸಹಾಯ ಬೇಕಿಲ್ಲ. ನೀವು ಸಿಡಿಯುತ್ತಿರುವ ಮದ್ದಿನ ಬಂಡಿಯನ್ನು ಹುಡುಕಿಕೊಂಡು, ಅಲ್ಲಿಂದ ಚೌಕದ ಅಂಚಿನಲ್ಲಿ ನಿಂತ ಕೆಂಪು ಕೋಟಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬನ್ನಿ. ಎಲ್ಲರದೂ ಒಂದೇ ಮುಖ. ಯಾರು ಬೇರ್ಡ್ ಎಂದು ಹೇಳಲು ಆಗುವುದಿಲ್ಲ, ಆದರೂ ಹುಡುಕದೆ ಇರಲಾಗುವುದಿಲ್ಲ.